ಹನ್ನೊಂದು ರೂಪಾಯಿ ನಷ್ಟ

ಕಳೆದ ಡಿಸೆಂಬರಿನಲ್ಲಿ ನಮ್ಮ ಮದುವೆಗೆ 45 ವರ್ಷ ತುಂಬಿತು. ಬೆಂಗಳೂರಿನಲ್ಲಿರುವ ಮಗ ಒಂದು ವಾರ ಮೊದಲೇ ಫೋನು ಮಾಡಿ, "ಅಪ್ಪ, ಈ ಸಲ ಮನೆಯಲ್ಲಿ ಪಾಯಸ ಮಾಡಿ ಮುಗಿಸಬೇಡಿ. ನಾನು ಟೇಬಲ್ ಬುಕ್ ಮಾಡಿದ್ದೇನೆ, ಅಮ್ಮನನ್ನು ಕರಕೊಂಡು ಹೋಗಿ" ಎಂದ. ಮಂಗಳೂರಿನಲ್ಲಿ ಹೊಸತಾಗಿ ತೆರೆದ, ಅಮೆರಿಕದ ಶೈಲಿಯ ಹೋಟೆಲು. ಹೆಸರು ಹೇಳುವುದಿಲ್ಲ. ನಮಗೆ ರುಚಿಸದ್ದು ಇನ್ನೊಬ್ಬರಿಗೆ ರುಚಿಸಬಹುದು.

ನನಗೂ ಒಳಗಿಂದೊಳಗೆ ಆಸೆ ಇತ್ತು. ಅದಕ್ಕೊಂದು ಹಳೆಯ ಕಾರಣ ಉಂಟು. 1980ರಲ್ಲಿ ಮದುವೆಯಾದ ಹೊಸತರಲ್ಲಿ ಇವಳನ್ನು ಮಾರ್ಕೆಟ್ ರಸ್ತೆಯ ಐಡಿಯಲ್‌ಗೆ ಕರಕೊಂಡು ಹೋಗಿದ್ದೆ. ಪ್ರಭಾಕರ ಕಾಮತರು 1975ರ ಮೇ 1ರಂದು ತೆರೆದ ಐಸ್‌ಕ್ರೀಮ್ ಅಂಗಡಿ ಅದು. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೇರುಬೀಜ ಎಲ್ಲ ಪದರ ಪದರವಾಗಿ ತುಂಬಿದ ಗಡ್‌ಬಡ್ ಒಂದು, ಚಮಚ ಎರಡು. "ಇನ್ನು ಪ್ರತಿ ತಿಂಗಳು ಸಂಬಳದ ದಿನ ಹೊರಗೆ ಬರುವ" ಎಂದು ಅಂದು ಮಾತು ಕೊಟ್ಟಿದ್ದೆ. ಆಮೇಲೆ ಇಬ್ಬರು ತಂಗಿಯರ ಮದುವೆ, ಕೂಳೂರಿನ ಈ ಮನೆಯ ಸಾಲ, ಮಗನ ಫೀಸು. ಕ್ಲರ್ಕನ ಸಂಬಳ ಎಷ್ಟು ದೂರ ಎಳೆದೀತು? ಇವಳು ಒಮ್ಮೆಯೂ ಕೇಳಲಿಲ್ಲ. ಈ ಸಲ ಊಟದ ನಡುವೆ ಆ ಮಾತು ತೆಗೆದು, "ತಪ್ಪಾಯಿತು" ಎಂದು ಹೇಳಬೇಕು ಎಂದುಕೊಂಡಿದ್ದೆ. ಮನಸ್ಸಿನಲ್ಲೇ ಎರಡು ಮೂರು ಸಲ ಹೇಳಿ ನೋಡಿಯೂ ಆಗಿತ್ತು.

ಇವಳು ಮಗ ಕೊಡಿಸಿದ ಹಸಿರು ಸೀರೆ ಉಟ್ಟು, ಕಿವಿಗೆ ಮೆಷಿನು ಹಾಕಿಕೊಂಡು ತಯಾರಾದಳು. ಆಟೋದವನು ಕೊಟ್ಟಾರ ಚೌಕಿಯ ವಾಹನಗಳ ನಡುವೆ ದಾರಿ ಮಾಡಿಕೊಂಡು ಏಳೂವರೆಗೆ ತಲುಪಿಸಿದ.

ಒಳಗೆ ಹೋದರೆ ಕತ್ತಲೆ, ಮಾರಾಯ್ರೇ! ಕರೆಂಟು ಹೋಗಿದೆಯೋ ಎಂದುಕೊಂಡೆ. ಅದು ಅಲಂಕಾರವಂತೆ. ಹಾಡು ಎಷ್ಟು ಜೋರು ಎಂದರೆ ಮೇಜಿನ ಮೇಲಿನ ನೀರು ನಡುಗುತ್ತಿತ್ತು. ನಮ್ಮನ್ನು ಕೂರಿಸಿದ್ದು ಅಡುಗೆಮನೆಯ ಬಾಗಿಲ ಹತ್ತಿರ. ಮೆನು ಕಾರ್ಡು ಕೇಳಿದರೆ ಹುಡುಗ ಮೇಜಿಗೆ ಅಂಟಿಸಿದ ಕಪ್ಪು ಚೌಕವನ್ನು ತೋರಿಸಿದ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಬೇಕಂತೆ. ಕನ್ನಡಕ ಒಂದು ಕೈಯಲ್ಲಿ, ಮೊಬೈಲು ಇನ್ನೊಂದು ಕೈಯಲ್ಲಿ ಹಿಡಿದು ಹತ್ತು ನಿಮಿಷ ಹುಡುಕಿದ ಮೇಲೆ ನಮ್ಮಂಥ ಸಸ್ಯಾಹಾರಿಗಳಿಗೆ ಸಿಕ್ಕಿದ್ದು ನಾಲ್ಕೈದು ಹೆಸರು. ಒಂದು ಸೀಸರ್ ಸಲಾಡ್, ಒಂದು ಪಾಸ್ತಾ, ಒಂದು ಬರ್ಗರ್, ಎರಡು ಲಿಂಬೆ ಶರಬತ್ತು ಹೇಳಿದೆ.

ಸೀಸರ್ ಎಂದರೆ ರೋಮಿನ ಜೂಲಿಯಸ್ ಸೀಸರ್ ಎಂದೇ ನಾನು ತಿಳಿದಿದ್ದೆ. ಮರುದಿನ ಏಳನೇ ಕ್ಲಾಸಿನ ಮೊಮ್ಮಗಳು ತಿದ್ದಿದಳು. ಇಟಲಿಯಲ್ಲಿ ಹುಟ್ಟಿದ ಸೀಸರ್ ಕಾರ್ಡಿನಿ ಎಂಬವರು ಮೆಕ್ಸಿಕೋದ ಟಿಹುವಾನಾ ಊರಿನ ತಮ್ಮ ಹೋಟೆಲಿನಲ್ಲಿ 1924ರಲ್ಲಿ ಅದನ್ನು ಮೊದಲು ಮಾಡಿದರೆಂದು ಹೇಳುತ್ತಾರಂತೆ. "ಅಮೆರಿಕದ್ದು ಬೇಕಾದರೆ ನಿಮ್ಮ ಅಡುಗೆಮನೆಯಲ್ಲೇ ಉಂಟು ಅಜ್ಜ. ಮೆಣಸಿನಕಾಯಿ, ಬಟಾಟೆ, ಟೊಮೆಟೊ, ಗೇರುಬೀಜ, ಅನನಾಸು, ಪಪ್ಪಾಯಿ ಎಲ್ಲ ಆ ಕಡೆಯಿಂದಲೇ ಬಂದದ್ದು" ಎಂದಳು. ಮಕ್ಕಳೇ, ಯೋಚಿಸಿ ನೋಡಿ. ಮೆಣಸಿನಕಾಯಿ ಕಡಲು ದಾಟಿ ಬರುವ ಮೊದಲು ನಮ್ಮವರಿಗೆ ಖಾರ ಎಂದರೆ ಕಾಳುಮೆಣಸು. ಅದನ್ನು ನಮ್ಮ ಕಡೆ 'ಒಳ್ಳೆಮೆಣಸು' ಎನ್ನುತ್ತೇವೆ, ತುಳುವಿನಲ್ಲಿ 'ಎಡ್ಡೆಮುಂಚಿ'. ಹೊಸ ಮೆಣಸು ಬಂದಾಗ ಹಳೆಯದನ್ನು ಒಳ್ಳೆಯದು ಎಂದು ಬೇರೆ ಗುರುತಿಸಿದರೋ ಏನೋ ಎಂದು ನನ್ನ ಅಂದಾಜು.

ಇರಲಿ. ಮುಕ್ಕಾಲು ಗಂಟೆ ಕಾದ ಮೇಲೆ ಬಂದ ಸಲಾಡಿನಲ್ಲಿ ಇದ್ದದ್ದು ದೊಡ್ಡ ದೊಡ್ಡ ಲೆಟಿಸ್ ಎಲೆಗಳು. ನಮ್ಮ ಹಲ್ಲಿಗೆ ಅದು ದೊಡ್ಡ ಕೆಲಸ. ಪಾಸ್ತಾ ತಣ್ಣಗಾಗಿ ಒಂದಕ್ಕೊಂದು ಅಂಟಿತ್ತು. ಬರ್ಗರ್ ಒಂದು ಗೇಣು ಎತ್ತರ, ಬಾಯಿ ಎಷ್ಟು ತೆರೆದರೂ ಹಿಡಿಸದು.

ಊಟ ಹಾಳಾದರೆ ಹೋಗಲಿ ಎನ್ನಬಹುದಿತ್ತು. ನಾನು ಮಾತು ತೆಗೆದೆ. "ನಾವು ಐಡಿಯಲ್‌ಗೆ ಹೋದದ್ದು ನೆನಪುಂಟಾ?" ಇವಳು "ಆಂ?" ಎಂದಳು. ಇನ್ನೊಮ್ಮೆ ಕೂಗಿದೆ. "ಬಿಲ್ಲು ಈಗಲೇ ಬೇಡ, ನಿಧಾನ ತಿನ್ನಿ" ಎಂದಳು! ಕಿವಿಯ ಮೆಷಿನು ಇದ್ದವರಿಗೆ ಗೊತ್ತು, ಅದು ಮಾತನ್ನು ದೊಡ್ಡದು ಮಾಡುವ ಹಾಗೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಅವಳು ಮೆಷಿನನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಪರ್ಸಿಗೆ ಹಾಕಿದಳು. ಆಮೇಲೆ ನನ್ನನ್ನು ನೋಡಿ ಸುಮ್ಮನೆ ನಗುತ್ತ ಕುಳಿತಳು. ಹಣ ಇಲ್ಲದಿದ್ದಾಗ ಕಿವಿ ಇತ್ತು. ನಾನು ತಟ್ಟೆ ನೋಡಿಕೊಂಡು ಎಲೆ ಜಗಿದೆ.

ಬಿಲ್ಲು ಬಂತು. ತಿಂದದ್ದು ಕುಡಿದದ್ದು ಸೇರಿ 1,800 ರೂಪಾಯಿ. ಅದರ ಮೇಲೆ ಸರ್ವಿಸ್ ಚಾರ್ಜ್ ಶೇಕಡಾ 10, ಅಂದರೆ 180. ಒಟ್ಟು 1,980ರ ಮೇಲೆ ಜಿಎಸ್‌ಟಿ ಶೇಕಡಾ 5, ಅಂದರೆ 99. ಕೊಡಬೇಕಾದ್ದು 2,079. ಬ್ಯಾಂಕಿನಲ್ಲಿ ಲೆಡ್ಜರು ನೋಡಿದ ಕಣ್ಣು ಕತ್ತಲೆಯಲ್ಲೂ ಇಂಥದ್ದನ್ನು ಬಿಡುವುದಿಲ್ಲ. ಜಿಎಸ್‌ಟಿ ತೆರಿಗೆ, ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ ಹೋಗುತ್ತದೆ. ಅದನ್ನು ಕೊಡಲೇಬೇಕು. ಸರ್ವಿಸ್ ಚಾರ್ಜ್ ಹೋಟೆಲಿನವರೇ ಹಾಕಿಕೊಳ್ಳುವುದು. ಗ್ರಾಹಕರನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿದೆ. ಹೋಟೆಲುಗಳ ಸಂಘದವರು ಕೋರ್ಟಿಗೆ ಹೋದರು. 2025ರ ಮಾರ್ಚ್ 28ರಂದು ದಿಲ್ಲಿ ಹೈಕೋರ್ಟು ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ತೆಗೆಯಲು ಒಪ್ಪದಿದ್ದರೆ 1915ಕ್ಕೆ ಫೋನು ಮಾಡಿ ದೂರು ಕೊಡಬಹುದು.

ಇದನ್ನೆಲ್ಲ ಆ ಹುಡುಗನಿಗೆ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ, ಎಲೆ ಜಗಿದ ಸಿಟ್ಟೂ ಸೇರಿತ್ತು. ಹುಡುಗ ಯಾವ ಊರಿನವನೋ, ಇಪ್ಪತ್ತು ವರ್ಷ ಆಗಿರಲಿಕ್ಕಿಲ್ಲ. ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದ. ಮ್ಯಾನೇಜರು ಬಂದು ಏನೂ ಮಾತಾಡದೆ ಹೊಸ ಬಿಲ್ಲು ಕೊಟ್ಟರು: 1,890. ಉಳಿದದ್ದು 189. ಗೆದ್ದೆ ಎಂದುಕೊಂಡು ಎದ್ದೆ.

ಇವಳಿಗೆ ನಮ್ಮ ವಾದ ಒಂದಕ್ಷರವೂ ಕೇಳಿರಲಿಲ್ಲ. ಹುಡುಗನ ಮುಖ ಮಾತ್ರ ಕಂಡಿತ್ತು. ಬಾಗಿಲ ಹತ್ತಿರ ಅವನನ್ನು ಕರೆದು, ಪರ್ಸಿನಿಂದ 200ರ ನೋಟು ತೆಗೆದು ಕೈಯಲ್ಲಿಟ್ಟಳು. "ಊಟ ಆಯಿತಾ ಮಗಾ?" ಎಂದು ಕನ್ನಡದಲ್ಲೇ ಕೇಳಿದಳು. ಅವನಿಗೆ ಅರ್ಥವಾಯಿತೋ ಇಲ್ಲವೋ, ತಲೆ ಆಡಿಸಿದ.

ಆಟೋದಲ್ಲಿ ನಾನು ಲೆಕ್ಕ ಹಾಕಿದೆ. ಉಳಿಸಿದ್ದು 189, ಹೋದದ್ದು 200.

ಮನೆಗೆ ಬಂದಾಗ ಇಬ್ಬರಿಗೂ ಹಸಿವು. ಮಧ್ಯಾಹ್ನದ ಕುಚ್ಚಲಕ್ಕಿ ಗಂಜಿ ಇತ್ತು, ನಾನೇ ಬಿಸಿ ಮಾಡಿದೆ. ಅಷ್ಟರಲ್ಲಿ ಮಗನ ಫೋನು. ಇವಳು ಮೆಷಿನು ಹಾಕಿಕೊಂಡು, ಗಂಜಿಯ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡೇ, "ಭಾರಿ ಚೆನ್ನಾಗಿತ್ತು ಮಗಾ, ಹೊಟ್ಟೆ ಬಿರಿಯ ತಿಂದೆವು" ಎಂದಳು. ಸತ್ಯ ಹೇಳಿದ್ದು ಮೊಮ್ಮಗಳಿಗೆ ಮಾತ್ರ, ಅದೂ ಗುಟ್ಟಾಗಿ. ಇದು ಅಚ್ಚಾದ ಮೇಲೆ ಅವನಿಗೂ ಗೊತ್ತಾಗುತ್ತದೆ. ಬೇಸರ ಮಾಡಿಕೊಳ್ಳಬೇಡ ಮಾರಾಯ.

ಫೋನು ಇಟ್ಟ ಮೇಲೆ ಮನೆ ನಿಶ್ಶಬ್ದವಾಯಿತು. ಹೆದ್ದಾರಿಯ ಲಾರಿಗಳ ಸದ್ದು ದೂರದಿಂದ ಕೇಳುತ್ತಿತ್ತು, ಅಷ್ಟೆ. ನಾನು ಐಡಿಯಲ್ಲಿನ ಮಾತು, ಸಂಬಳದ ದಿನದ ಮಾತು ಎಲ್ಲ ಹೇಳಿ ಮುಗಿಸಿದೆ. "ಒಂದೇ ಸಲ ಕರಕೊಂಡು ಹೋದೆ, ತಪ್ಪಾಯಿತು" ಎಂದೆ.

"ಒಂದಲ್ಲ, ಮೂರು ಸಲ" ಎಂದಳು, ಉಪ್ಪಿನಕಾಯಿಯ ಮಿಡಿ ಚೀಪುತ್ತ. "ಮೂರನೇ ಸಲ ಜೆಲ್ಲಿ ಪೂರಾ ನೀವೇ ತಿಂದಿರಿ."