ಲಾಗಿನ್ ಆಗದಿದ್ದರೆ ಮೊದಲು ಆ ಒಂದು ಸಾಲು ಓದಿ

ದೂರದ ಕಂಪ್ಯೂಟರಿಗೆ ಲಾಗಿನ್ ಆಗದಿದ್ದರೆ ಹೆಚ್ಚಿನವರು ಮಾಡುವುದು ಎರಡೇ ಕೆಲಸ: ಪಾಸ್‌ವರ್ಡನ್ನು ಮತ್ತೆ ಮತ್ತೆ ಒತ್ತುವುದು, ಇಲ್ಲವೇ ನೆಟ್‌ವರ್ಕಿಗೆ ಬೈಯುವುದು. ಅದಕ್ಕಿಂತ ಮೊದಲು ಪರದೆಯ ಮೇಲೆ ಬಂದ ಇಂಗ್ಲಿಷ್ ಸಾಲನ್ನು ಪೂರ್ತಿ ಓದಬೇಕು. ಎಲ್ಲಿ ತಡೆಯಾಯಿತು ಎಂಬುದನ್ನು ಆ ಸಾಲೇ ಹೇಳುತ್ತದೆ.

ಹೆಜಮಾಡಿಯ ನಮಗೆ ಇದು ಹೊಟ್ಟೆಪಾಡಿನ ವಿಷಯ. ನಾವು ಕೆಲವು ಬಿಡಿ ಸುದ್ದಿಗಾರರು ಸೇರಿ ಬಾಡಿಗೆಗೆ ಹಿಡಿದ ಲಿನಕ್ಸ್ ಸರ್ವರಿನಲ್ಲಿ ಫೋಟೋ, ಟಿಪ್ಪಣಿ ಇಡುತ್ತೇವೆ. ಲಿನಕ್ಸ್ ಕೂಡ ಯುನಿಕ್ಸ್ ಕುಟುಂಬದ್ದೇ. ಆಟಿಯ ಮಳೆಗೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆದರೂ ಮೊಬೈಲಿನ ಟರ್ಮಕ್ಸ್ ಆ್ಯಪ್‌ನಿಂದ ಒಳಹೋಗಬಹುದು. ಕಡಲು ಕೊರೆದ ಜಾಗದಲ್ಲಿ ಹೋದ ವರ್ಷ ತೆಂಗಿನ ಮರ ಇತ್ತು ಎನ್ನಲು ಹಳೆ ಫೋಟೋವೇ ಸಾಕ್ಷಿ. ಸಂಜೆಯೊಳಗೆ ಅದು ಸಿಗದಿದ್ದರೆ ಮರುದಿನ ಸುದ್ದಿ ಬರುವುದಿಲ್ಲ, ನಮಗೆ ದುಡ್ಡೂ ಬರುವುದಿಲ್ಲ.

ಹೀಗೆ ಒಳಹೋಗುವ ದಾರಿಯ ಹೆಸರು ಎಸ್‌ಎಸ್‌ಎಚ್. ಮೊದಲು ಟೆಲ್ನೆಟ್ ಇತ್ತು. ಅದರಲ್ಲಿ ಪಾಸ್‌ವರ್ಡ್ ಪೋಸ್ಟ್‌ಕಾರ್ಡಿನ ಬರಹದಂತೆ ದಾರಿಯಲ್ಲೇ ಓದಲು ಸಿಗುತ್ತಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಹೀಗೆ ಪಾಸ್‌ವರ್ಡ್ ಕದ್ದರು. ಅಲ್ಲಿದ್ದ ಟಾಟು ಯಲೋನೆನ್ ಎಲ್ಲವನ್ನೂ ಗುಪ್ತಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬರೆದರು. ಅದರ ಬಾಗಿಲಿನ ನಂಬರು 22.

ಈಗ ಕಾರ್ಕಳದ ನೆಂಟರ ಮನೆಗೆ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ.

'ಕುಡ್ ನಾಟ್ ರಿಸಾಲ್ವ್ ಹೋಸ್ಟ್‌ನೇಮ್' ಎಂದರೆ ವಿಳಾಸವೇ ಸಿಕ್ಕಿಲ್ಲ. ಸರ್ವರಿನ ಹೆಸರಿನ ಅಕ್ಷರ ಸರಿ ಇದೆಯೇ, ಡೇಟಾ ಆನ್ ಇದೆಯೇ ನೋಡಿ.

'ಕನೆಕ್ಷನ್ ಟೈಮ್ಡ್ ಔಟ್' ಎಂದರೆ ಎಷ್ಟು ಕರೆದರೂ ಅತ್ತಲಿಂದ ಸದ್ದಿಲ್ಲ. ಸರ್ವರ್ ಆಫ್ ಆಗಿರಬಹುದು, ನಡುವೆ ಫೈರ್‌ವಾಲ್ ತಡೆದಿರಬಹುದು. ಬೇರೆ ಸಿಮ್‌ನಿಂದ ನೋಡಿ. ಪಾಸ್‌ವರ್ಡಿಗೂ ಇದಕ್ಕೂ ಸಂಬಂಧವಿಲ್ಲ.

'ಕನೆಕ್ಷನ್ ರೆಫ್ಯೂಸ್ಡ್' ಎಂದರೆ ಮನೆ ತಲುಪಿದ್ದೀರಿ, ಬಾಗಿಲು ಹಾಕಿದೆ. ಹೆಚ್ಚಾಗಿ ಸರ್ವರಿನಲ್ಲಿ ಎಸ್‌ಎಸ್‌ಎಚ್ ಸೇವೆ ನಿಂತಿರುತ್ತದೆ, ಅಥವಾ 22 ಬಿಟ್ಟು ಬೇರೆ ನಂಬರಿಗೆ ಹೋಗಿರುತ್ತದೆ.

'ಪರ್ಮಿಷನ್ ಡಿನೈಡ್' ಎಂದರೆ ಬಾಗಿಲಿಗೆ ಬಂದವರಿಗೆ ನಿಮ್ಮ ಗುರುತು ಹತ್ತಲಿಲ್ಲ. ಪಾಸ್‌ವರ್ಡ್ ನೋಡಬೇಕಾದ್ದು ಇಲ್ಲಿ ಮಾತ್ರ. ಯುನಿಕ್ಸಿಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಟೈಪ್ ಮಾಡುವಾಗ ಚುಕ್ಕಿಯೂ ಕಾಣದು. ಸುದ್ದಿ ಬರೆದು ಕೀಬೋರ್ಡ್ ಕನ್ನಡದಲ್ಲೇ ಉಳಿದಿದ್ದರೆ ಗೊತ್ತೇ ಆಗದು. ಪಾಸ್‌ವರ್ಡ್ ಬದಲು ಕೀ ಫೈಲ್ ಬಳಸುವವರು ಖಾಸಗಿ ಕೀಗೆ 600, ಸರ್ವರಿನ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700 ಅನುಮತಿ ಕೊಟ್ಟಿರಬೇಕು. ಬೇರೆಯವರ ಕೈಗೆ ಸಿಗುವ ಕೀಯನ್ನು ಎಸ್‌ಎಸ್‌ಎಚ್ ಒಪ್ಪುವುದಿಲ್ಲ. ಹಲವು ಸಲ ತಪ್ಪಿದರೆ ನಿಮ್ಮ ಐಪಿ ವಿಳಾಸವನ್ನೇ ತಡೆಯುವ ಸರ್ವರ್‌ಗಳೂ ಇವೆ, ಹಾಗಾಗಿ ಸುಮ್ಮನೆ ಒತ್ತುತ್ತಾ ಕೂರಬೇಡಿ.

'ರಿಮೋಟ್ ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್' ಎಂದು ದೊಡ್ಡಕ್ಷರದಲ್ಲಿ ಬಂದರೆ ನಿಲ್ಲಿ. ನೆಂಟರ ಮನೆಯ ಬಾಗಿಲಲ್ಲಿ ಕಂಡಿಲ್ಲದ ಮುಖ ಇದೆ ಎಂದರ್ಥ. ಸರ್ವರನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದರೂ ಹೀಗೆ ಬರುತ್ತದೆ, ಯಾರೋ ನಡುವೆ ನಿಂತು ಮೋಸ ಮಾಡುತ್ತಿದ್ದರೂ ಬರುತ್ತದೆ. ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ ಕೇಳುವವರೆಗೆ ಮುಂದೆ ಹೋಗಬೇಡಿ. ನಮ್ಮ ಟಿಪ್ಪಣಿಗಳಲ್ಲಿ 'ನನ್ನ ಹೆಸರು ಹಾಕಬೇಡಿ' ಎಂದು ನಂಬಿ ಮಾತಾಡಿದವರ ಹೆಸರುಗಳಿವೆ. ಸಂಜೆಯ ಸುದ್ದಿ ತಪ್ಪಿದರೆ ನಾಳೆ ಬರೆಯಬಹುದು, ಆ ಹೆಸರು ಹೊರಬಿದ್ದರೆ ಹಿಂದೆ ತರಲಾಗದು.

ಸಹಾಯ ಕೇಳುವಾಗ 'ಲಾಗಿನ್ ಆಗ್ತಾ ಇಲ್ಲ ಮಾರಾಯ್ರೆ' ಎಂದಷ್ಟೇ ಹೇಳಿದರೆ ಯಾರಿಗೂ ಏನೂ ತಿಳಿಯದು. ಎಸ್‌ಎಸ್‌ಎಚ್ ಎಂದು ಬರೆದ ಮೇಲೆ ಒಂದು ಹೈಫನ್, ಸಣ್ಣಕ್ಷರದ 'ವಿ' ಸೇರಿಸಿ. ಎಲ್ಲಿಯವರೆಗೆ ಹೋಗಿ ನಿಂತಿತು ಎಂದು ಅದು ಸಾಲು ಸಾಲಾಗಿ ತೋರಿಸುತ್ತದೆ. ಅದರ ಸ್ಕ್ರೀನ್‌ಶಾಟನ್ನು ಗೊತ್ತಿದ್ದವರಿಗೆ ಕಳಿಸಿ. ಪಾಸ್‌ವರ್ಡ್, ಖಾಸಗಿ ಕೀ ಮಾತ್ರ ಯಾರಿಗೂ ಕೊಡಬೇಡಿ, ಸಹಾಯ ಮಾಡಲು ಬಂದವರಿಗೂ.