ದಿನಕ್ಕೆರಡು ಗಳಿಗೆ

ಗಂಗಾವಳಿ ನದಿಯ ತೆಂಕಣ ದಡದಿಂದ ಹೊನ್ನಾವರದವರೆಗೆ, ಕಡಲ ದಂಡೆ ಹಿಡಿದು, ನಾನು ಈವರೆಗೆ ಹನ್ನೊಂದು ಸಲ ನಡೆದಿದ್ದೇನೆ. ಹನ್ನೊಂದು ಸಲವೂ ಊಟದ ಮೇಜಿನ ಮೇಲೆ. ಧಾರವಾಡದ ನಮ್ಮ ಮನೆಯಲ್ಲಿ ರಾತ್ರಿ ತಾಟು ಎತ್ತಿದ ಮೇಲೆ ನಕ್ಷೆ ಬಿಚ್ಚುತ್ತೇನೆ, ನಾಲ್ಕು ದಿನದ ದಾರಿಯನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತೇನೆ, ಮಲಗುತ್ತೇನೆ. ಚಪ್ಪಲಿಗೆ ಒಂದು ಚಿಟಿಕೆ ಮರಳು ಅಂಟಿಲ್ಲ. ‘ಈ ಸಲ ಎಲ್ಲೀತನಕ ಹೋದ್ರಿ?’ ಎಂದು ಹೆಂಡತಿ ಕೇಳುತ್ತಾಳೆ. ‘ಕುಮಟಾ ದಾಟಿದೆ’ ಅನ್ನುತ್ತೇನೆ. ಕುಮಟಾ ಅವಳ ತವರು. ‘ಅಪ್ಪಯ್ಯನ್ನ ಮಾತಾಡ್ಸಿ ಬರಬೇಕಿತ್ತು’ ಎಂದು ದೀಪ ಆರಿಸುತ್ತಾಳೆ.

ನಾನು ಗದಗಿನ ಕಡೆಯವನು. ನಮ್ಮಲ್ಲಿ ನಡೆಯುವುದಕ್ಕೆ ಯೋಜನೆ ಎಂಬುದಿಲ್ಲ. ಎರೆ ಹೊಲ ಎದುರಿಗೇ ಬಿದ್ದಿರುತ್ತದೆ, ಗುರುತಿಗೆ ದೂರದಲ್ಲೊಂದು ಬೇವಿನ ಮರ. ಅದರತ್ತ ಮುಖ ಮಾಡಿದರೆ ಆಯಿತು. ಹಳ್ಳ ಸಿಕ್ಕರೆ ಅದರಲ್ಲಿ ನೀರಿರುವುದಿಲ್ಲ. ಕಡಲ ದಂಡೆಯೂ ಹೀಗೆಯೇ ಎಂದು ಮೊದಲು ಅಂದುಕೊಂಡಿದ್ದೆ. ಬಲಗಡೆ ನೀರು, ಎಡಗಡೆ ತೆಂಗು, ತಪ್ಪುವ ಮಾತೇ ಇಲ್ಲ. ದಾರಿ ತಪ್ಪುವುದು ಅಸಾಧ್ಯವಾದ ದಾರಿಗೆ ಯೋಜನೆಯಾದರೂ ಯಾಕೆ?

ಮೊದಲ ಪೆಟ್ಟು ಬಿದ್ದದ್ದು ಅಳತೆಯಲ್ಲಿ. ಹೆಂಡತಿಯ ಹೊಲಿಗೆ ಪೆಟ್ಟಿಗೆಯಿಂದ ಕೆಂಪು ದಾರ ತೆಗೆದು ನಕ್ಷೆಯ ದಂಡೆಯ ಮೇಲೆ ಇಟ್ಟು ಅಳೆದೆ. ನಲವತ್ತಮೂರು ಕಿಲೋಮೀಟರು ಬಂತು. ಗೋಕರ್ಣದ ತೆಂಕಣ ಭಾಗದಲ್ಲಿ ಗುಡ್ಡಗಳು ಸಮುದ್ರಕ್ಕೆ ಮೂಗು ಚಾಚಿಕೊಂಡಿವೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ಪುಟ್ಟ ಪುಟ್ಟ ದಂಡೆಗಳೆಲ್ಲ ಆ ಮೂಗುಗಳ ನಡುವಿನ ಕುಳಿಗಳು. ಅಲ್ಲಿ ದಾರವನ್ನು ಸುಮ್ಮನೆ ನೇರ ಎಳೆದುಬಿಟ್ಟಿದ್ದೆ. ಮರುದಿನ ಪ್ರಾಮಾಣಿಕನಾಗಿ ಪ್ರತಿ ಮೂಗನ್ನೂ ಸುತ್ತಿಸಿ ಅಳೆದರೆ ಐವತ್ತೊಂದು. ಓಂ ದಂಡೆಯಂತೂ ಹೆಸರಿಗೆ ತಕ್ಕಂತೆ ಓಂಕಾರದ ಹಾಗೆ ಎರಡು ಬಳಸು ಬಳಸಿದೆ, ದಾರ ಅಲ್ಲಿ ಗಂಟೇ ಬಿತ್ತು. ‘ದಾರ ಹಿಗ್ಗೇತಿ’ ಎಂದೆ. ‘ಹಿಗ್ಗುವ ದಾರ ನನ್ನ ಪೆಟ್ಟಿಗೆಯಲ್ಲಿ ಇಲ್ಲ’ ಎಂದಳು.

ಹಿಗ್ಗಿದ್ದು ದಾರವಲ್ಲ, ಕಡಲ ದಂಡೆ. ಬೆನ್ವಾ ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತಜ್ಞ 1967ರಲ್ಲಿ ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಎಂದು ಕೇಳಿಕೊಂಡು ಒಂದು ಲೇಖನವನ್ನೇ ಬರೆದ. ಅಳೆಯುವ ಕೋಲು ಚಿಕ್ಕದಾದಷ್ಟೂ ಕರಾವಳಿ ಉದ್ದವಾಗುತ್ತ ಹೋಗುತ್ತದೆ ಎಂಬುದು ಅದರ ತಿರುಳು. ನಮ್ಮ ದೇಶದ ಕರಾವಳಿ 7,516 ಕಿಲೋಮೀಟರು ಎಂದು ನಾವೆಲ್ಲ ಬಾಯಿಪಾಠ ಮಾಡಿದವರು. ಈಚೆಗೆ ಇನ್ನಷ್ಟು ಸೂಕ್ಷ್ಮವಾಗಿ ಅಳೆದಾಗ ಅದು 11,098 ಆಯಿತು. ಒಂದು ಮೊಳ ಹೊಸ ನೆಲ ಹುಟ್ಟಲಿಲ್ಲ, ಕೋಲು ಚಿಕ್ಕದಾಯಿತು ಅಷ್ಟೆ. ಕರ್ನಾಟಕದ್ದು 320 ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಹಾಗಾದರೆ ನನ್ನ ಮೊಣಕಾಲು ನಡೆಯುವ ಕರಾವಳಿ ಯಾವುದು? ಮನುಷ್ಯನ ಹೆಜ್ಜೆಗಿಂತ ಚಿಕ್ಕ ಕೋಲು ಯಾವ ಇಲಾಖೆಯಲ್ಲೂ ಇರಲಾರದು. ಐವತ್ತೊಂದರ ಮುಂದೆ ‘ಕನಿಷ್ಠ’ ಎಂದು ಬರೆದುಕೊಂಡೆ.

ದಾರಿಯನ್ನು ಗಂಗಾವಳಿಯಿಂದಲೇ ಶುರು ಮಾಡಲು ಕಾರಣವಿದೆ. ಕಾಗದಕ್ಕೆ ಇಳಿಸುವ ಮೊದಲು ಕಾರವಾರದಿಂದ ಹೊರಡುವ ಮನಸ್ಸಿತ್ತು. ಇಪ್ಪತ್ತರ ಹರೆಯದ ರವೀಂದ್ರನಾಥ ಟ್ಯಾಗೋರರು ಅಲ್ಲಿ ಜಡ್ಜಾಗಿದ್ದ ಅಣ್ಣನ ಮನೆಗೆ ಬಂದು ಉಳಿದು ಮರುಳಾದ ದಂಡೆ ಅದು. ಅಲ್ಲಿಂದ ಹೊರಟರೆ ನನಗೂ ಒಂದು ತೂಕ ಎಂದುಕೊಂಡಿದ್ದೆ. ಆದರೆ ಕಾರವಾರ ಬಿಟ್ಟು ತೆಂಕಣಕ್ಕೆ ತಿರುಗಿದರೆ ಸೀಬರ್ಡ್ ನೌಕಾನೆಲೆಯ ಬೇಲಿ. ನೆಲೆಗಾಗಿ ಊರುಗಳೇ ಎದ್ದುಹೋದ ಜಾಗದಲ್ಲಿ ಬೆನ್ನಿಗೆ ಚೀಲ ಹೊತ್ತ ಒಬ್ಬ ನಿವೃತ್ತ ಗುಮಾಸ್ತನಿಗೆ ದಾರಿ ಬಿಡಿ ಎಂದು ಯಾರನ್ನು ಕೇಳುವುದು? ಟ್ಯಾಗೋರರನ್ನು ಅಲ್ಲಿಯೇ ಬಿಟ್ಟು ಬಂದೆ.

ಗಂಗಾವಳಿಯಿಂದ ಹೊರಟರೆ ಇನ್ನೊಂದು ಲಾಭ, ಹನೇಹಳ್ಳಿ ಪಕ್ಕದಲ್ಲೇ ಸಿಗುತ್ತದೆ. ಯಶವಂತ ಚಿತ್ತಾಲರು 1928ರಲ್ಲಿ ಹುಟ್ಟಿದ ಊರು. ಬದುಕೆಲ್ಲ ಮುಂಬಯಿಯಲ್ಲಿ ಪ್ಲಾಸ್ಟಿಕ್ಕು-ಪಾಲಿಮರುಗಳ ನಡುವೆ ದುಡಿದ ಆ ಮನುಷ್ಯ, ಕತೆ ಬರೆಯಲು ಕೂತರೆ ಮತ್ತೆ ಮತ್ತೆ ಈ ಹಳ್ಳಿಗೇ ಬರುತ್ತಿದ್ದರು. ಅಲ್ಲಿ ನೋಡುವುದೇನಿದೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಓದಿದ ಊರಿನ ಒಂದು ಬೇಲಿಯನ್ನು, ಒಂದು ಅಂಗಳವನ್ನು ಕಣ್ಣಿಂದ ನೋಡಬೇಕು ಅಷ್ಟೆ. ಹನ್ನೊಂದು ಯೋಜನೆಗಳಲ್ಲೂ ಒಂದಕ್ಷರ ಬದಲಾಗದೆ ಉಳಿದಿರುವುದು ಈ ಅಡ್ಡದಾರಿ ಮಾತ್ರ.

ಎರಡನೆಯ ಪೆಟ್ಟು ರೊಟ್ಟಿಯದು. ನಾಲ್ಕು ದಿನಕ್ಕೆ ಊಟ ಹೊರಬೇಕೆಂದರೆ ನಮ್ಮ ಕಡೆಯವರ ಕೈ ತಾನಾಗಿ ಖಡಕ್ ರೊಟ್ಟಿಯ ಡಬ್ಬಿಗೆ ಹೋಗುತ್ತದೆ. ಹಗುರ, ಕೆಡುವುದಿಲ್ಲ, ಜೊತೆಗೆ ಶೇಂಗಾ ಚಟ್ನಿಪುಡಿ ಇದ್ದರೆ ಕಾಶಿಗೂ ಹೋಗಿ ಬರಬಹುದು. ಪರೀಕ್ಷೆಗೆಂದು ಮಾವನ ಮನೆಗೆ ಹೋಗುವಾಗ ಹತ್ತು ರೊಟ್ಟಿ ಒಯ್ದೆ. ಸಂಜೆ ಮುರಿದರೆ ಲಟಕ್ಕನೆ ಸದ್ದಾಯಿತು. ಬಟ್ಟೆಯಲ್ಲಿ ಸುತ್ತಿ ಜಗಲಿಯಲ್ಲಿಟ್ಟು ಮಲಗಿದೆ. ಬೆಳಿಗ್ಗೆ ಅದೇ ರೊಟ್ಟಿಯನ್ನು ಕೈಯಲ್ಲಿ ಹಿಡಿದರೆ ಅಂಚು ಕೆಳಗೆ ಬಾಗಿತು. ಮುರಿಯಲು ಹೋದರೆ ಮುರಿಯಲಿಲ್ಲ, ಮಡಚಿಕೊಂಡಿತು. ಒಂದು ರಾತ್ರಿಯ ಉಪ್ಪುಗಾಳಿ ನಮ್ಮೂರ ಜೋಳದ ಸೊಕ್ಕು ಇಳಿಸಿ ತೊಗಲು ಮಾಡಿತ್ತು. ಅತ್ತೆ ಒಂದು ತುಂಡು ಕಚ್ಚಿ ಬಹಳ ಹೊತ್ತು ಅಗಿದರು. ಕೊನೆಗೆ, ‘ಅವಲಕ್ಕಿ ತಕಂಡು ಹೋಗಿ’ ಎಂದಷ್ಟೇ ಹೇಳಿದರು. ಆ ದಯೆಯನ್ನು ನಾನು ಮರೆತಿಲ್ಲ.

ನೀರಿನ ಲೆಕ್ಕವೂ ಹೀಗೆಯೇ. ಕಣ್ಣು ಹಾಯುವಷ್ಟು ದೂರ ನೀರು, ಬೆನ್ನ ಮೇಲೆ ಮೂರು ಲೀಟರು ನೀರು, ಎಂದರೆ ಮೂರು ಕಿಲೋ. ಚೀಲದಲ್ಲಿ ಇದಕ್ಕಿಂತ ಭಾರದ ವಸ್ತು ಇನ್ನೊಂದಿಲ್ಲ.

ನಿಜವಾದ ಪಾಠ ಆಗಿದ್ದು ಅದೇ ಬೆಳಿಗ್ಗೆ. ನನ್ನ ಒಂಬತ್ತನೆಯ ಯೋಜನೆಯನ್ನು ಮಾವನ ಮುಂದಿಟ್ಟೆ. ಅವರು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಾಗಿದ್ದವರು; ಕಾಗದ ಕೈಗೆ ಬಂದರೆ ಮೊದಲು ತಪ್ಪು ಹುಡುಕುತ್ತಾರೆ. ನಾಲ್ಕು ದಿನ, ದಿನಕ್ಕೊಂದು ಸಾಲು, ಒಂದೊಂದಕ್ಕೂ ತಾರೀಖು, ಹೊರಡುವ ಹೊತ್ತು, ತಲುಪುವ ಹೊತ್ತು. ಕನ್ನಡಕ ಏರಿಸಿ ಓದಿದರು.

‘ಈ ಎರಡನೇ ದಿನ ಎಂತ ತಿಥಿ?’

ನನಗೆ ಗೊತ್ತಿರಲಿಲ್ಲ. ಶುಭದಿನ ನೋಡಿ ಹೊರಡಬೇಕೆನ್ನುತ್ತಾರೇನೋ ಎಂದು, ‘ನಾನು ಅದನ್ನೆಲ್ಲ ನೋಡುವುದಿಲ್ಲ ಮಾವ’ ಎಂದೆ.

‘ನೀವು ನೋಡದಿದ್ರೆ ಸಮುದ್ರ ನೋಡ್ತದೆ’ ಎಂದು ಗೋಡೆಯ ಪಂಚಾಂಗ ತಂದು ಬಿಚ್ಚಿದರು. ‘ಅಷ್ಟಮಿ. ಇಳಿತ ಆಗುದು ಮಧ್ಯಾಹ್ನದ ಹತ್ತಿರ. ನೀವು ಬೆಳಿಗ್ಗೆ ಆರಕ್ಕೆ ಹೊರಡ್ತ್ರಿ ಅಂತ ಬರ್ದೀರಿ. ಆಗ ಭರತ ಇರ್ತದೆ, ಬಂಡೆ ಮೇಲೆ ನಡೀತ್ರೋ, ಹಾರ್ತ್ರೋ?’

ಆಮೇಲೆ ಅವರು ಹೇಳಿಕೊಟ್ಟದ್ದು ಇಷ್ಟು. ದಿನಕ್ಕೆ ಎರಡು ಭರತ, ಎರಡು ಇಳಿತ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಈ ಕಡೆ ನಸುಕಿಗೆ ಇಳಿತ, ಮಧ್ಯಾಹ್ನಕ್ಕೆ ತುಸು ಮುನ್ನ ಭರತ. ನೀರು ತುಂಬ ಏರುವುದೂ ತುಂಬ ಇಳಿಯುವುದೂ ಆಗಲೇ. ಅಲ್ಲಿಂದ ಮುಂದೆ ತಿಥಿಗೆ ಎರಡು ಗಳಿಗೆಯಂತೆ ತಡ. ಪಾಡ್ಯಕ್ಕೆ ಎರಡು, ಬಿದಿಗೆಗೆ ನಾಲ್ಕು, ತದಿಗೆಗೆ ಆರು. ಗಳಿಗೆಯೆಂದರೆ 24 ನಿಮಿಷ, ಎರಡಕ್ಕೆ 48. ನಾನು ಮೊಬೈಲು ತೆಗೆದು ನೋಡಿದೆ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುವುದರಿಂದ ಉಬ್ಬರವಿಳಿತವೂ ಅಷ್ಟೇ ತಡವಾಗುತ್ತದೆ ಎಂದಿತ್ತು. ‘ಎರಡು ನಿಮಿಷ ವ್ಯತ್ಯಾಸ ಬರ್ತದೆ ಮಾವ’ ಎಂದೆ.

‘ಆ ಎರಡು ನಿಮಿಷದಲ್ಲಿ ನೀವು ಎಂತ ಮಾಡ್ತ್ರಿ?’

ಇಳಿತವೇ ಯಾಕೆ ಎಂಬುದು ಆ ಸಂಜೆ ದಂಡೆಗೆ ಹೋದಾಗ ಕಾಲಿಗೆ ತಿಳಿಯಿತು. ಮೇಲಿನ ಒಣ ಮರಳಿನಲ್ಲಿ ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ; ಸಾಲ ತೀರಿಸಿದ ಹಾಗೆ, ಕಟ್ಟಿದಷ್ಟೂ ಉಳಿದಿರುತ್ತದೆ. ನೀರು ಆಗಷ್ಟೇ ಬಿಟ್ಟುಹೋದ ಮರಳು ಮಾತ್ರ ಸಾರಿಸಿದ ಅಂಗಳದಷ್ಟು ಗಟ್ಟಿ. ಹಿಮ್ಮಡಿ ಊರಿದಲ್ಲಿ ಸುತ್ತಲೂ ಬೆಳ್ಳಗಾಗಿ, ಕಾಲೆತ್ತಿದ ಕೂಡಲೇ ಮತ್ತೆ ತೇವ ಬಂದು ಮುಚ್ಚಿಕೊಳ್ಳುತ್ತದೆ. ಆ ಹಾಸು ದಿನಕ್ಕೆ ಕೆಲವೇ ಗಂಟೆ ತೆರೆದಿರುವ ರಸ್ತೆ. ನೀರು ಏರಿದಾಗ ಇಳಿಜಾರಾದ ಮೇಲಿನ ಮರಳೇ ಗತಿ. ಅಲ್ಲಿ ತೆಂಕಣಕ್ಕೆ ನಡೆಯುವವನ ಬಲಗಾಲು ಯಾವಾಗಲೂ ತಗ್ಗಿನಲ್ಲಿ, ಎಡಗಾಲು ಯಾವಾಗಲೂ ದಿಣ್ಣೆಯಲ್ಲಿ. ಒಂದು ಗಂಟೆ ಹಾಗೆ ನಡೆದರೆ ಸೊಂಟವೇ ಪಂಚಾಂಗ ಹೇಳತೊಡಗುತ್ತದೆ.

ಹಾಗಾಗಿ ಹತ್ತನೆಯ ಯೋಜನೆಯಲ್ಲಿ ತಾರೀಖುಗಳು ಹೋದವು, ತಿಥಿಗಳು ಬಂದವು. ಮಾರ್ಗಶಿರದ ಹುಣ್ಣಿಮೆ ಕಳೆದು ಬಿದಿಗೆಗೆ ಹೊರಡುವುದು, ಪಂಚಮಿಗೆ ಮುಗಿಸುವುದು. ನಾಲ್ಕೂ ದಿನ ಇಳಿತ ಬೆಳಗಿನ ತಂಪಿನಲ್ಲಿ ಬೀಳುತ್ತದೆ. ರಾತ್ರಿ ಎದ್ದು ಕೂತರೆ ಬೆಳದಿಂಗಳೂ ಉಂಟು. ಮೇ ತಿಂಗಳಲ್ಲಿ ಬನ್ನಿ, ಅಂಕೋಲೆಯ ಕರಿ ಇಶಾಡ ಮಾವಿನಹಣ್ಣು ಸಿಗ್ತದೆ ಎಂದು ಅತ್ತೆ ಆಸೆ ಹಚ್ಚಿದರು. ಮೇ ತಿಂಗಳ ಮರಳಿನ ಮೇಲೆ ಹಣ್ಣೇ ಬೆಂದುಹೋಗುತ್ತದೆ, ನಾನು ಯಾವ ಲೆಕ್ಕ. ಜೂನ್ ಬಂದರೆ ಮಳೆ. ಯಾಂತ್ರಿಕ ದೋಣಿಗಳಿಗೇ ಎರಡು ತಿಂಗಳು ಕಡಲಿಗಿಳಿಯುವಂತಿಲ್ಲ. ಇಶಾಡಿಗೆ ಬೇರೆ ಪ್ರಯಾಣ, ಅದು ಬಸ್ಸಿನಲ್ಲಿ.

ಹತ್ತನೆಯದರಲ್ಲೂ ಒಂದು ಖಾಲಿ ಜಾಗ ಉಳಿದಿತ್ತು. ಗೋಕರ್ಣದ ಗುಡ್ಡಗಳು ಮುಗಿದು ಬೇಲೆಕಾನ್ ದಾಟಿದರೆ ತದಡಿ. ಅಲ್ಲಿ ಅಘನಾಶಿನಿ ಕಡಲಿಗೆ ಸೇರುತ್ತದೆ. ಎದುರು ದಡದಲ್ಲಿ ಅದೇ ಹೆಸರಿನ ಊರು. ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಬಣ್ಣ ಕಾಣುವಷ್ಟು ಹತ್ತಿರ. ರಸ್ತೆಯಲ್ಲಿ ಹೋಗುತ್ತೇನೆಂದರೆ ಮಿರ್ಜಾನ್ ಸುತ್ತಿ ಮೂವತ್ತು ಕಿಲೋಮೀಟರಿಗೂ ಮಿಕ್ಕಿ. ನಡುವೆ ಓಡುವುದು ದೋಣಿ. ನನ್ನ ಕೆಂಪು ದಾರ ಈ ಅಳಿವೆಯ ಮೇಲೆ ಸಲೀಸಾಗಿ ಹಾದುಹೋಗಿತ್ತು. ಆದರೆ ಕಡೆಯ ದೋಣಿ ಎಷ್ಟು ಹೊತ್ತಿಗೆ ಎಂಬುದನ್ನು ದಾರ ಹೇಳುವುದಿಲ್ಲ, ಪಂಚಾಂಗವೂ ಹೇಳುವುದಿಲ್ಲ.

ಕೇಳಿ ಬರೋಣವೆಂದು ಮಾವ, ನಾನು ಒಂದು ಬೆಳಿಗ್ಗೆ ಅಘನಾಶಿನಿಯ ದಕ್ಕೆಗೆ ಹೋದೆವು. ಇಳಿತದ ಹೊತ್ತು. ಅಣೆಕಟ್ಟು ಎಲ್ಲೂ ಅಡ್ಡಗಟ್ಟದ ನದಿ ಇದು, ಘಟ್ಟದಿಂದ ಹೊತ್ತು ತಂದ ಮಣ್ಣನ್ನೆಲ್ಲ ಇಲ್ಲಿಯೇ ಇಳಿಸುತ್ತದೆ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣವೆಂಬ ಮಾನ್ಯತೆ ಬಂತು. ಹೊರಬಿದ್ದ ಕೆಸರಿನ ದಿಬ್ಬದ ಸುತ್ತ ಹೆಂಗಸರು ಸೊಂಟಮಟ್ಟ ನೀರಿನಲ್ಲಿ ಬಗ್ಗಿ ಬಳಚು ಚಿಪ್ಪಿ ಹೆಕ್ಕುತ್ತಿದ್ದರು. ಒಬ್ಬರ ಕೈಯಲ್ಲೂ ಗಡಿಯಾರವಿರಲಿಲ್ಲ. ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದಿದ್ದರು. ಒಳಗಡೆ ಗಜನಿ ಗದ್ದೆಗಳ ತೂಬಿನ ಬಾಗಿಲೂ ಇದೇ ಏರಿಳಿತ ನೋಡಿಕೊಂಡು ತೆರೆದು ಮುಚ್ಚುವಂಥದ್ದು; ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತ ಆ ಗದ್ದೆಗಳದು. ನಾನು ಹತ್ತು ಕಾಗದ ಹರಿದು ಕಲಿತದ್ದು ಇಲ್ಲಿ ಯಾರಿಗೂ ಯೋಜನೆ ಅನ್ನಿಸಿರಲಿಕ್ಕಿಲ್ಲ.

ದೋಣಿಯಿಂದ ಮೋಟಾರು ಸೈಕಲ್ಲು ಇಳಿಸಿ ಬೀಡಿ ಹಚ್ಚುತ್ತಿದ್ದವನನ್ನು ಕೇಳಿದೆ. ಕೈಯಲ್ಲಿ ಪೆನ್ನು, ಕಾಗದ ಸಿದ್ಧವಿತ್ತು.

‘ಆ ಕಡೆಯಿಂದ ಕಡೇ ದೋಣಿ ಎಷ್ಟೊತ್ತಿಗೆ?’

ಆತ ನನ್ನನ್ನು ನೋಡಿದ, ಕಾಗದ ನೋಡಿದ.

‘ನೀವು ಎಷ್ಟೊತ್ತಿಗೆ ಬರ್ತ್ರಿ?’

ನಾನು ಮಾವನ ಮುಖ ನೋಡಿದೆ. ಅವರು ನದಿ ನೋಡುತ್ತಿದ್ದರು. ‘ತದಿಗೆ ದಿನ’ ಎಂದೆ, ಬಾಯಿಗೆ ಬಂದಂತೆ. ‘ಹಂಗಾರೆ ಹನ್ನೊಂದರ ಒಳಗೆ ಬನ್ನಿ. ಆಮೇಲೆ ಭರತದ ಸೆಳೆತ ಜೋರು, ಗಾಳಿಯೂ ಏಳ್ತದೆ. ತಡ ಆದ್ರೆ ಆ ದಕ್ಕೆ ಮೇಲೆ ನಿಂತು ಕೈ ಮಾಡಿ’ ಎಂದ. ತಿಥಿ ಕೇಳಿ ಆತನಿಗೆ ಆಶ್ಚರ್ಯವೇನೂ ಆಗಲಿಲ್ಲ. ಆಶ್ಚರ್ಯ ಆದದ್ದು ನನಗೆ.

ಹನ್ನೊಂದನೆಯ ಯೋಜನೆ ಈಗ ಫ್ರಿಜ್ಜಿನ ಬಾಗಿಲ ಮೇಲಿದೆ. ತದಡಿಯ ಸಾಲಿನಲ್ಲಿ ಮೊದಲು ‘ಕಡೇ ದೋಣಿ’ ಎಂದು ಬರೆದು ಎದುರಿಗೆ ಗಂಟೆಯ ಜಾಗ ಬಿಟ್ಟಿದ್ದೆ. ಅಲ್ಲಿ ‘ಕೈ ಮಾಡುವುದು’ ಎಂದು ತುಂಬಿಸಿದ್ದೇನೆ. ಹೆಂಡತಿ ಅದರ ಕೆಳಗೆ ತನ್ನ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಾಳೆ: ಅವಲಕ್ಕಿ, ಎರಡು ಕಿಲೋ. ಬಿದಿಗೆಗೆ ಇನ್ನೂ ಒಂಬತ್ತು ದಿನವಿದೆ. ನಿನ್ನೆ ರಾತ್ರಿ ಅವಳಿಗೆ ಕಾಣದಂತೆ ಚೀಲದ ತಳದಲ್ಲಿ ನಾಲ್ಕು ಖಡಕ್ ರೊಟ್ಟಿಯನ್ನೂ ಇಟ್ಟಿದ್ದೇನೆ, ಗಾಳಿ ಆಡದ ಸ್ಟೀಲಿನ ಡಬ್ಬಿಯಲ್ಲಿ.