ನದಿಗೆ ಹಾರಿದ ಪ್ರಧಾನಿ

1951ರ ಜೂನ್ 29ರ ಮಧ್ಯಾಹ್ನ. ಬ್ಯಾಂಕಾಕ್‌ ಅರಮನೆಯ ಮಗ್ಗುಲಿನ ರಾಚವೊರಡಿಟ್ ಕಟ್ಟೆ. ಚಾವೊ ಪ್ರಯಾ ನದಿಯಲ್ಲಿ ‘ಮ್ಯಾನ್‌ಹಟನ್’ ನಿಂತಿದೆ. ಹೆಸರು ಭಾರಿ, ಕೆಲಸ ಮಾತ್ರ ಹೂಳೆತ್ತುವುದು. ಅಮೆರಿಕ ನೆರವಾಗಿ ಕೊಟ್ಟ ಆ ಹಡಗನ್ನು ಥಾಯ್ಲೆಂಡ್‌ಗೆ ಒಪ್ಪಿಸುವ ಸಮಾರಂಭ. ಮಂತ್ರಿಗಳು, ವಿದೇಶಿ ರಾಜತಂತ್ರಜ್ಞರು, ಸೇನಾಧಿಕಾರಿಗಳು ಎಲ್ಲರೂ ಸೇರಿದ್ದಾರೆ. ಮುಖ್ಯ ಅತಿಥಿ ಪ್ರಧಾನಿ, ಫೀಲ್ಡ್ ಮಾರ್ಷಲ್ ಪ್ಲೇಕ್ ಪಿಬುನ್ ಸೊಂಗ್‌ಕ್ರಾಮ್.

ಇದ್ದಕ್ಕಿದ್ದಂತೆ ನೌಕಾಪಡೆಯ ಒಬ್ಬ ಅಧಿಕಾರಿ ಮಷಿನ್‌ಗನ್ ಹಿಡಿದು ಪಿಬುನ್ ಎದುರು ನಿಂತ. ಹೆಸರು ಮನಸ್ ಚಾರುಪಾ. ಹಿಂದೆ ಸಶಸ್ತ್ರ ನಾವಿಕರು. ನೆರೆದವರ ಕಣ್ಣೆದುರೇ ದೇಶದ ಪ್ರಧಾನಿಯನ್ನು ಮುಂದೆ ನಡೆಸಿಕೊಂಡು ಹೋಗಿ ದೋಣಿಗೆ ಹತ್ತಿಸಿದರು. ದೋಣಿ ನೇರವಾಗಿ ನದಿಯಲ್ಲಿದ್ದ ಯುದ್ಧನೌಕೆ ‘ಶ್ರೀ ಅಯುತ್ಥಯಾ’ದತ್ತ ಸಾಗಿತು. ಅದು ಥಾಯ್ ನೌಕಾಪಡೆಯ ಮುಂಚೂಣಿ ಹಡಗು. ಅಂದರೆ ಪ್ರಧಾನಿಯ ಸೆರೆಮನೆ ಅವನದೇ ಸರ್ಕಾರದ ಸ್ವತ್ತು.

ಬೇರೆ ಯಾರೇ ಆಗಿದ್ದರೂ ಎದೆ ಒಡೆದುಕೊಳ್ಳುತ್ತಿದ್ದರೇನೋ. ಪಿಬುನ್‌ಗೆ ಬಂದೂಕಿನ ಬಾಯಿ ಹೊಸತಲ್ಲ. 1935ರಲ್ಲಿ ಸನಾಮ್ ಲುವಾಂಗ್ ಮೈದಾನದಲ್ಲಿ ಫುಟ್‌ಬಾಲ್ ಪಂದ್ಯ ಮುಗಿಸಿಕೊಂಡು ಹೊರಟಾಗ ಒಬ್ಬ ಹತ್ತಿರದಿಂದಲೇ ಗುಂಡು ಹಾರಿಸಿದ್ದ. ಗುಂಡುಗಳು ಕುತ್ತಿಗೆಗೆ, ಭುಜಕ್ಕೆ ಬಿದ್ದವು, ಆಸಾಮಿ ಬದುಕಿದ. 1938ರ ನವೆಂಬರಿನಲ್ಲಿ ಮನೆಯಲ್ಲೇ, ಔತಣಕ್ಕೆಂದು ಬಟ್ಟೆ ತೊಡುತ್ತಿದ್ದಾಗ, ಕೆಲಸದಾಳೇ ಪಿಸ್ತೂಲು ಹಿಡಿದು ನುಗ್ಗಿದ. ಗುಂಡು ಗುರಿ ತಪ್ಪಿತು. ಅದೇ ಡಿಸೆಂಬರಿನಲ್ಲಿ ಊಟದಲ್ಲಿ ವಿಷ. ಸೈನಿಕ ಆಸ್ಪತ್ರೆಗೆ ಒಯ್ದು ಹೊಟ್ಟೆ ತೊಳೆದರು. ಆಗಲೂ ಬದುಕಿದ. ಬದುಕಿದ್ದಷ್ಟೇ ಅಲ್ಲ, ಆ ವಿಷದೂಟ ಅರಗಿ ಒಂದೆರಡು ವಾರದೊಳಗೆ, ಡಿಸೆಂಬರ್ 16ರಂದು, ಪ್ರಧಾನಿಯ ಕುರ್ಚಿಯಲ್ಲಿ ಕೂತ!

ಕೂತವನು ಕ್ಷಮಿಸುವ ಜಾತಿಯವನಲ್ಲ. 1939ರ ಆರಂಭದಲ್ಲಿ ರಾತ್ರೋರಾತ್ರಿ ಬಂಧನಗಳು ನಡೆದವು. ವಿಶೇಷ ನ್ಯಾಯಾಲಯ ಕೂತಿತು. 18 ಮಂದಿಗೆ ಮರಣದಂಡನೆ ಜಾರಿಯಾಯಿತು. ಅವರೆಲ್ಲ ನಿಜಕ್ಕೂ ಸಂಚುಕೋರರೇ ಎಂಬ ಅನುಮಾನ ಇಂದಿಗೂ ಇತಿಹಾಸಕಾರರನ್ನು ಬಿಟ್ಟಿಲ್ಲ. ಈ ಮನುಷ್ಯನ ಸಾಹಸಕ್ಕೆ ಬೆರಗಾಗುವಾಗ ಆ 18 ಹೆಣಗಳನ್ನು ಮರೆಯಬಾರದು.

ಅಂಥ ಪಿಬುನ್ ಬೆಳೆದು ಬಂದದ್ದೂ ಕ್ಷಿಪ್ರಕ್ರಾಂತಿಯ ತೊಟ್ಟಿಲಲ್ಲೇ. 1897ರಲ್ಲಿ ಬ್ಯಾಂಕಾಕ್ ಬಳಿಯ ನೊಂಥಬುರಿಯಲ್ಲಿ ಹುಟ್ಟಿದ ಸಾಮಾನ್ಯ ಮನೆಯ ಹುಡುಗ. ಸೈನಿಕ ಶಾಲೆ, ಫಿರಂಗಿದಳ, ಆಮೇಲೆ ಹೆಚ್ಚಿನ ತರಬೇತಿಗೆ ಫ್ರಾನ್ಸ್. 1927ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ 7 ಮಂದಿ ಗುಟ್ಟಾಗಿ ಸೇರಿ ಅರಸೊತ್ತಿಗೆಯ ಸರ್ವಾಧಿಕಾರ ಕೊನೆಗಾಣಿಸುವ ಪಣ ತೊಟ್ಟರು. ಅವರಲ್ಲಿ ಪಿಬುನ್ ಒಬ್ಬ, ಕಾನೂನು ಓದುತ್ತಿದ್ದ ಪ್ರೀದಿ ಪನೊಮ್ಯೊಂಗ್ ಇನ್ನೊಬ್ಬ. 1932ರ ಜೂನ್ 24ರಂದು ಪಣ ನೆರವೇರಿತು. ರಕ್ತ ಹರಿಯದೆ ರಾಜ ಪ್ರಜಾಧಿಪೋಕ್ ಸಂವಿಧಾನಕ್ಕೆ ತಲೆಬಾಗಿದ. ಮರುವರ್ಷ ರಾಜಕುಮಾರ ಬೊವೊರಡೇಜ್ ಪಡೆ ಕಟ್ಟಿಕೊಂಡು ಬ್ಯಾಂಕಾಕ್ ಮೇಲೆ ಏರಿ ಬಂದಾಗ ಹಿಮ್ಮೆಟ್ಟಿಸಿದ್ದು ಇದೇ ಪಿಬುನ್. ಅಲ್ಲಿಂದ ರಕ್ಷಣಾ ಮಂತ್ರಿ, ಅಲ್ಲಿಂದ ಪ್ರಧಾನಿ.

ಅವನ ಆಳ್ವಿಕೆಯಲ್ಲಿ ಸಯಾಮ್ ಥಾಯ್ಲೆಂಡ್ ಆಯಿತು. ಜನ ಟೋಪಿ ಇಟ್ಟುಕೊಳ್ಳಬೇಕು, ಎಲೆ‑ಅಡಿಕೆ ಜಗಿಯಬಾರದು ಎಂಬ ಫರ್ಮಾನುಗಳು ಹೊರಟವು. (ನಮ್ಮ ಮಲೆನಾಡಿನಲ್ಲಿ ಹೊರಡಿಸಿದ್ದರೆ ಅಂಥ ಸರ್ಕಾರ ವಾರವೂ ಉಳಿಯುತ್ತಿರಲಿಲ್ಲ.) 1941ರ ಡಿಸೆಂಬರ್ 8ರಂದು ಜಪಾನಿ ಪಡೆ ದಕ್ಷಿಣದ ಕಡಲತೀರಕ್ಕೆ ಇಳಿದಾಗ ಪ್ರಧಾನಿ ರಾಜಧಾನಿಯಲ್ಲೇ ಇರಲಿಲ್ಲ, ಪೂರ್ವದ ಗಡಿ ಪ್ರವಾಸದಲ್ಲಿದ್ದ. ಓಡೋಡಿ ಬಂದು ಕೆಲವೇ ತಾಸಿನಲ್ಲಿ ಕದನ ನಿಲ್ಲಿಸಿದ. ಮುಂದಿನ ತಿಂಗಳು ಬ್ರಿಟನ್, ಅಮೆರಿಕಗಳ ಮೇಲೆ ಯುದ್ಧವನ್ನೇ ಸಾರಿದ. ವಾಷಿಂಗ್ಟನ್ನಿನಲ್ಲಿದ್ದ ರಾಯಭಾರಿ ಸೇನಿ ಪ್ರಾಮೋಜ್ ಆ ಘೋಷಣೆಯನ್ನು ಅಮೆರಿಕಕ್ಕೆ ಮುಟ್ಟಿಸಲು ಒಪ್ಪಲಿಲ್ಲ ಎಂಬುದು ಬೇರೆ ಕತೆ. ಜಪಾನ್ ಸೋಲುವ ಸೂಚನೆ ಕಂಡ 1944ರ ಜುಲೈನಲ್ಲಿ ಸಂಸತ್ತು ಅವನನ್ನು ಕೆಳಗಿಳಿಸಿತು. ಯುದ್ಧಾಪರಾಧಿ ಎಂದು ಜೈಲಿಗೂ ಹಾಕಿದರು. ಅಪರಾಧ ನಡೆದ ಮೇಲೆ ಮಾಡಿದ ಕಾನೂನು ಹಿಂದಿನದಕ್ಕೆ ಅನ್ವಯಿಸದು ಎಂದ ನ್ಯಾಯಾಲಯ ಬಿಟ್ಟುಕಳಿಸಿತು. 1947ರ ನವೆಂಬರಿನಲ್ಲಿ ಸೇನೆ ಮತ್ತೆ ಅಧಿಕಾರ ಕಸಿಯಿತು. 1948ರ ಏಪ್ರಿಲ್‌ನಲ್ಲಿ ಪಿಬುನ್ ಮತ್ತೆ ಪ್ರಧಾನಿ. ಅದೇ ವರ್ಷ ಒಂದು ಸಂಚು ಸಿಕ್ಕಿಬಿತ್ತು. 1949ರಲ್ಲಿ ಪ್ಯಾರಿಸ್ಸಿನ ಹಳೆಯ ಗೆಳೆಯ ಪ್ರೀದಿಯೇ ನೌಕಾಪಡೆಯ ಒಂದು ಗುಂಪಿನ ಬೆಂಬಲದಿಂದ ದಂಗೆ ನಡೆಸಿ ಸೋತ. ಆ ನೌಕಾಪಡೆಯ ಸಿಟ್ಟೇ ಈಗ ಪಿಬುನ್‌ನನ್ನು ‘ಶ್ರೀ ಅಯುತ್ಥಯಾ’ದ ಮೇಲೆ ತಂದು ಕೂರಿಸಿತ್ತು.

ಬಂಡಾಯಗಾರರ ಲೆಕ್ಕ ಸುಲಭವಾಗಿತ್ತು. ಪ್ರಧಾನಿ ಕೈಯಲ್ಲಿದ್ದಾನೆ, ಹಡಗನ್ನು ನದಿಯುದ್ದಕ್ಕೂ ಕೆಳಗೆ ಒಯ್ದು ತಮ್ಮ ಪಡೆಯ ನಡುವೆ ನಿಲ್ಲಿಸಿದರೆ ಸೇನೆ ಮಣಿಯಲೇಬೇಕು. ಲೆಕ್ಕ ತಪ್ಪಿದ್ದು ಒಂದು ಸೇತುವೆಯಿಂದ. ನದಿಗೆ ಅಡ್ಡಲಾಗಿದ್ದ ಸ್ಮಾರಕ ಸೇತುವೆ ಮೇಲೆತ್ತಿದರಷ್ಟೇ ದೊಡ್ಡ ಹಡಗು ದಾಟಬಲ್ಲದು. ಸೇತುವೆ ಏಳಲಿಲ್ಲ. ಜಪಾನಿನಲ್ಲಿ ಕಟ್ಟಿಸಿದ, 8 ಇಂಚಿನ 4 ತೋಪುಗಳ ಯುದ್ಧನೌಕೆ ನಗರದ ನಡುವೆಯೇ ಸಿಕ್ಕಿಹಾಕಿಕೊಂಡಿತು. ಎರಡು ದಡದಲ್ಲೂ ಮನೆ, ದೇವಾಲಯ, ಜನ. ಕಡಲಿಗೆಂದು ಮಾಡಿದ ತೋಪನ್ನು ಅಲ್ಲಿ ಯಾರ ಮೇಲೆ ಹಾರಿಸುವುದು?

ಇನ್ನೊಂದು ಪೆಟ್ಟು ನೌಕಾಪಡೆಯೊಳಗಿಂದಲೇ ಬಿತ್ತು. ಇಡೀ ಪಡೆ ತಮ್ಮ ಬೆನ್ನಿಗೆ ಬರುತ್ತದೆ ಎಂದು ಸಂಚುಕೋರರು ನಂಬಿದ್ದರು. ಹಿರಿಯ ಅಧಿಕಾರಿಗಳು ಬಹುಪಾಲು ಹಿಂದೇಟು ಹಾಕಿದರು. ರೇಡಿಯೋದಲ್ಲಿ ಎರಡೂ ಕಡೆಯ ಘೋಷಣೆಗಳು. ನಡುವೆ, ರಕ್ತಪಾತ ಬೇಡ ಎಂದು ಕೋರುವ ಸೆರೆಯಾಳು ಪ್ರಧಾನಿಯ ದನಿಯೂ ಕೇಳಿಬಂತು.

ದಡದಲ್ಲಿ ಆ ದನಿಗೆ ಕಿವಿಗೊಟ್ಟವರಾರು? ಅಲ್ಲಿದ್ದವರು ಪೊಲೀಸ್ ಪಡೆಯ ಪಾವೊ ಸಿಯಾನೊನ್, ಸೇನೆಯ ಸರಿತ್ ತನರತ್, ವಾಯುಪಡೆಯ ಮುಖ್ಯಸ್ಥ ಫುವೆನ್. ಮೂವರೂ ಪಿಬುನ್ ಆಶ್ರಯದಲ್ಲಿ ಮೇಲೇರಿದವರು. ಪ್ರಧಾನಿ ಹಡಗಿನಲ್ಲಿದ್ದಾನೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಜೂನ್ 30ರಂದು ಹಡಗಿನ ಮೇಲೆ ಗುಂಡಿನ ಮಳೆ ಸುರಿಯಿತು. ದಡದಿಂದ ಫಿರಂಗಿ, ಆಕಾಶದಿಂದ ಬಾಂಬು.

ಊಹಿಸಿಕೊಳ್ಳಿ. ಮೇಲೆ ಗಿರಕಿ ಹೊಡೆಯುತ್ತಿರುವ ವಿಮಾನಗಳು ತನ್ನವೇ, ಹಾರಿಸುವವರು ತನ್ನವರೇ, ಗುರಿ ತಾನು ಕೂತಿರುವ ಹಡಗು! ಬಾಂಬು ಅಟ್ಟವನ್ನು ಸೀಳಿತು. ಇಂಧನಕ್ಕೆ ಬೆಂಕಿ ಹತ್ತಿ ಕಪ್ಪು ಹೊಗೆ ಎದ್ದಿತು. ಎಂಜಿನ್ ಸತ್ತು ಹಡಗು ನಿಶ್ಚಲವಾಯಿತು. ಕಾವಲಿಗಿದ್ದ ನಾವಿಕರಿಗೂ ಸೆರೆಯಾಳಿಗೂ ಈಗ ಒಂದೇ ದಾರಿ: ನೀರು. ಅವರೇ ಅವನಿಗೆ ಜೀವರಕ್ಷಕ ಜಾಕೆಟ್ಟು ತೊಡಿಸಿದರು. 54 ತುಂಬಲು ಎರಡು ವಾರವಿದ್ದ ಫೀಲ್ಡ್ ಮಾರ್ಷಲ್, ತನ್ನನ್ನು ಹಿಡಿದವರ ಜೊತೆಗೇ ನದಿಗೆ ಹಾರಿದ.

ಸುತ್ತ ಗುಂಡು. ಹಿಂದೆ ಉರಿಯುವ ಹಡಗು. ಮುಂದೆ ಥೊನ್‌ಬುರಿಯ ದಡ. ಕೈ ಬೀಸಿದ, ಈಜಿದ, ದಡ ಹತ್ತಿದ. ಅಂದು ರಾತ್ರಿಯೊಳಗೆ ಪ್ರಧಾನಿ ತನ್ನವರ ನಡುವೆ ಸುರಕ್ಷಿತನಾಗಿದ್ದ. ‘ಶ್ರೀ ಅಯುತ್ಥಯಾ’ ಚಾವೊ ಪ್ರಯಾದ ತಳ ಸೇರಿತು. ಅದರ ಅವಳಿ ‘ಥೊನ್‌ಬುರಿ’ಯನ್ನು 1941ರಲ್ಲಿ ಕೊ ಚಾಂಗ್ ಬಳಿ ಫ್ರೆಂಚರು ಹಾಳುಗೆಡವಿದ್ದರು. ಇದನ್ನು ಮುಳುಗಿಸಲು ಶತ್ರುವೇ ಬೇಕಾಗಲಿಲ್ಲ.

ದಂಗೆ ಅಡಗಿತು. ನೌಕಾಪಡೆಯ ರೆಕ್ಕೆಪುಕ್ಕ ಕತ್ತರಿಸಿದರು, ಅದರ ವಿಮಾನದಳವನ್ನೂ ಕಿತ್ತುಕೊಂಡರು. ಸತ್ತವರಲ್ಲಿ ಏನೂ ಅರಿಯದ ಊರವರೂ ಇದ್ದರು. ಗೆದ್ದವನು ಪಿಬುನ್ ಎಂದು ಪತ್ರಿಕೆಗಳು ಬರೆದಿರಬಹುದು, ನನಗೆ ಹಾಗೆ ಕಾಣುವುದಿಲ್ಲ. ಆ ಬಾಂಬುಗಳು ಹಡಗಿಗಷ್ಟೇ ಬಿದ್ದವಲ್ಲ. ಪ್ರಧಾನಿ ಸತ್ತರೂ ನಡೆಯುತ್ತದೆ ಎಂದು ಸರಿತ್ ಮತ್ತು ಪಾವೊ ಊರೆಲ್ಲ ಕೇಳುವಂತೆ ಹೇಳಿಯಾಗಿತ್ತು. ಅದೇ ನವೆಂಬರಿನಲ್ಲಿ ಸೇನಾಧಿಕಾರಿಗಳು ರೇಡಿಯೋ ಪ್ರಕಟಣೆಯೊಂದರಿಂದಲೇ ಸಂವಿಧಾನ ಬದಲಿಸಿದರು. ಪಿಬುನ್ ಕುರ್ಚಿಯಲ್ಲಿ ಉಳಿದ. ಕುರ್ಚಿಯ ಕಾಲುಗಳು ಆ ಇಬ್ಬರ ಕೈಯಲ್ಲಿದ್ದವು.

ಆರು ವರ್ಷ ಪಿಬುನ್ ಇಬ್ಬರನ್ನೂ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ತೂಗಿಸಿದ. 1955ರಲ್ಲಿ ವಿದೇಶ ಸುತ್ತಿ ಬಂದವನು, ಲಂಡನ್ನಿನ ಹೈಡ್ ಪಾರ್ಕ್ ಮಾದರಿಯಲ್ಲಿ ಸನಾಮ್ ಲುವಾಂಗ್‌ನಲ್ಲಿ ಜನ ನಿಂತು ಭಾಷಣ ಬಿಗಿಯಬಹುದು ಎಂದು ಸಾರಿದ. ತನಗೆ ಗುಂಡು ಬಿದ್ದ ಅದೇ ಮೈದಾನದಲ್ಲಿ! ಜನ ಮಾತಾಡತೊಡಗಿದರು, ಹೆಚ್ಚಾಗಿ ಅವನ ವಿರುದ್ಧವೇ. 1957ರ ಫೆಬ್ರವರಿ ಚುನಾವಣೆಯಲ್ಲಿ ನಡೆದ ಅಕ್ರಮ ಅವನ ಉಳಿದ ಮಾನವನ್ನೂ ತೆಗೆಯಿತು. ಸೆಪ್ಟೆಂಬರ್ 16ರ ರಾತ್ರಿ ಸರಿತ್‌ನ ಟ್ಯಾಂಕುಗಳು ಬೀದಿಗಿಳಿದವು.

ಈ ಸಲ ಪಿಬುನ್ ಕಾದಾಡಲಿಲ್ಲ. ಕೆಲವೇ ಆಪ್ತರೊಂದಿಗೆ ಕಾರು ಹತ್ತಿ ಪೂರ್ವಕ್ಕೆ ಓಡಿಸಿದ. ಗಡಿ ಪ್ರಾಂತ್ಯ ತ್ರಾತ್, ಅಲ್ಲಿಂದ ದೋಣಿ, ಕಾಂಬೋಡಿಯ. ಬಂಡುಕೋರರು ಹಿಡಿದಾಗಲೂ ದೋಣಿ, ತಪ್ಪಿಸಿಕೊಳ್ಳುವಾಗಲೂ ದೋಣಿ. ಅಲ್ಲಿಂದ ಒಂದು ಕಾಲದ ಮಿತ್ರದೇಶ ಜಪಾನ್. ಪಾವೊ ಸ್ವಿಟ್ಜರ್ಲೆಂಡಿಗೆ ಹಾರಿದ.

1960ರಲ್ಲಿ ಪಿಬುನ್ ಭಾರತಕ್ಕೆ ಬಂದ. ಬೋಧಗಯೆಯ ಥಾಯ್ ದೇವಾಲಯ ಅವನ ಸರ್ಕಾರದ ಕಾಲದಲ್ಲೇ ತಲೆಯೆತ್ತಿದ್ದು; ಅಲ್ಲೇ ಕೆಲಕಾಲ ತಲೆ ಬೋಳಿಸಿ ಭಿಕ್ಷುವಾದ. ತಾಯ್ನೆಲಕ್ಕೆ ಮರಳುವ ಆಸೆ ಮಾತ್ರ ಬದುಕಿರುವಾಗ ಕೈಗೂಡಲಿಲ್ಲ. 1964ರ ಜೂನ್ 11ರಂದು ಟೋಕಿಯೋ ಬಳಿಯ ಸಾಗಮಿಹಾರದಲ್ಲಿ ಹೃದಯಾಘಾತದಿಂದ ತೀರಿಕೊಂಡ. ಚಿತಾಭಸ್ಮ ಬ್ಯಾಂಕಾಕ್‌ಗೆ ಬಂತು. ಹಡಗಿನಲ್ಲಿ ಅವನಿದ್ದಾನೆಂದು ತಿಳಿದೂ ಗುಂಡು ಹಾರಿಸಲು ಬಿಟ್ಟವರಲ್ಲಿ ಪಾವೊ 1960ರಲ್ಲೇ, ಸರಿತ್ 1963ರ ಡಿಸೆಂಬರಿನಲ್ಲಿ ಸತ್ತಿದ್ದರು. ಎರಡು ಅವಧಿ ಸೇರಿ ಪಿಬುನ್ ಸುಮಾರು 15 ವರ್ಷ ಪ್ರಧಾನಿಯಾಗಿದ್ದ. ಥಾಯ್ಲೆಂಡಿನಲ್ಲಿ ಅಷ್ಟು ಕಾಲ ಆ ಹುದ್ದೆಯಲ್ಲಿದ್ದವರು ಇಂದಿಗೂ ಇನ್ನೊಬ್ಬರಿಲ್ಲ.